ಮನೆಗೆ ಬಂದ ಮೇಲೂ ವಾರ್ಡಿಗೆ ಫೋನ್ ಮಾಡಿ ಕೇಳೋದು ನನಗೊಬ್ಬಳಿಗೇನಾ?

ನೈಟ್‌ರೋಸ್ಟರ್ · ಮಂಗಳವಾರ, ಬೆಳಿಗ್ಗೆ 11:20

ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದು ಎರಡು ಗಂಟೆಯಾಯಿತು. ಸ್ನಾನ ಆಯ್ತು, ಇಡ್ಲಿ ತಿಂದಾಯ್ತು, ಪರದೆ ಎಳೆದು ಮಲಗಿದ್ದೂ ಆಯ್ತು. ನಿದ್ದೆ ಮಾತ್ರ ಇಲ್ಲ. ಈಗಷ್ಟೇ ವಾರ್ಡಿಗೆ ಫೋನ್ ಮಾಡಿ "ಆರನೇ ಬೆಡ್ಡಿನ ಪೊಟ್ಯಾಸಿಯಂ ಎಷ್ಟು ಸ್ಪೀಡಲ್ಲಿ ಹೋಗ್ತಿದೆ, ಸ್ವಲ್ಪ ನೋಡು" ಅಂದೆ. ಹ್ಯಾಂಡೋವರ್‌ನಲ್ಲಿ (ಡ್ಯೂಟಿ ಒಪ್ಪಿಸುವಾಗ) ನಾನೇ ಹೇಳಿ, ಪಂಪ್ ತೋರಿಸಿ, ಸಹಿ ಹಾಕಿ ಬಂದಿದ್ದೆ. ಡೇ ಡ್ಯೂಟಿ ಹುಡುಗಿ "ಅಕ್ಕಾ, ಮಲ್ಕೊಳ್ಳಿ" ಎಂದು ನಕ್ಕು ಫೋನ್ ಇಟ್ಟಳು. ಈ ವಾರ ಇದು ನಾಲ್ಕನೇ ಸಲ.

ನಾನು ಬಿಎಸ್ಸಿ ನರ್ಸಿಂಗ್, ಏಳು ವರ್ಷದ ಸರ್ವಿಸ್. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯು. ಊರು ಹಿರಿಯೂರು ಕಡೆ. ಮೊದಲೆಲ್ಲಾ ಬರೀ ಸುಸ್ತು ಇರುತ್ತಿತ್ತು. ಆಫ್ ದಿನ ಹತ್ತು ಗಂಟೆ ನಿದ್ದೆ ಹೊಡೆದರೆ ಸರಿಹೋಗುತ್ತಿತ್ತು. ಈಗಿನದು ಬೇರೆ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಎದ್ದು ಕೂರುತ್ತೇನೆ. ನಾಳೆ ಡ್ಯೂಟಿ ಎಂದರೆ ಇವತ್ತು ಸಂಜೆಯಿಂದಲೇ ಹೊಟ್ಟೆಯಲ್ಲಿ ಹಿಂಡಿದ ಹಾಗೆ.

ಇದು ಶುರುವಾದ ರಾತ್ರಿ ಯಾವುದು ಎಂದು ನನಗೆ ಗೊತ್ತಿದೆ. ಮೂರು ವಾರದ ಹಿಂದೆ, ಸಾಲಾಗಿ ಮೂರನೇ ನೈಟ್. ನನ್ನ ಕೈಯಲ್ಲಿ ನಾಲ್ಕು ಪೇಷಂಟ್, ಇಬ್ಬರು ವೆಂಟಿಲೇಟರ್ ಮೇಲೆ. ಹಿಂದಿನ ದಿನ ನೈಟ್ ಮುಗಿದ ಮೇಲೆ ಕ್ಲಾಸ್ ಇದೆ ಎಂದು ಹನ್ನೊಂದರವರೆಗೆ ಕೂರಿಸಿದ್ದರು. ನಮ್ಮ ಐಸಿಯುನಲ್ಲಿ ಬಳಸೋದು 40ರ ಇನ್ಸುಲಿನ್, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅವತ್ತು ಫಾರ್ಮಸಿಯಲ್ಲಿ ಸ್ಟಾಕ್ ಇಲ್ಲ. ಪೇಷಂಟ್ ಕಡೆಯವರು ಹೊರಗಿಂದ ತಂದ ವಯಲ್ (ಮದ್ದಿನ ಸೀಸೆ) 100ರದ್ದು. ಬೆಳಗಿನ ಜಾವ ನಾಲ್ಕೂವರೆ. ಚಾರ್ಟ್‌ನಲ್ಲಿ 12 ಯೂನಿಟ್. ನಾನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲೇ 12ರ ಗೆರೆಯವರೆಗೆ ಎಳೆದೆ. ಅಂದರೆ ಅದರಲ್ಲಿದ್ದದ್ದು 30 ಯೂನಿಟ್.

ಪಕ್ಕದಲ್ಲಿ ನಿಂತಿದ್ದ ಸ್ಟೂಡೆಂಟ್ ಹುಡುಗಿ ವಯಲ್ ಕೈಗೆತ್ತಿಕೊಂಡು "ಅಕ್ಕಾ, ಇದು ನೂರರದ್ದಲ್ವಾ?" ಅಂದಳು. ಅಷ್ಟೇ. ಸಿರಿಂಜ್ ಬಿಸಾಕಿದೆ. ಪೇಷಂಟ್‌ಗೆ ಏನೂ ಆಗಲಿಲ್ಲ. ಆದರೆ ಆತ ಸೆಡೇಷನ್‌ನಲ್ಲಿದ್ದ. ಶುಗರ್ ಇಳಿದು ಬೆವರಿದರೂ, ಕೈ ನಡುಗಿದರೂ ಹೇಳೋಕೆ ಬಾಯಿಲ್ಲ. ಅದೇ ಯೋಚನೆ ದಿನಾ ಬರುತ್ತದೆ. ಆ ಹುಡುಗಿ ಅವತ್ತು ಟೀ ಕುಡಿಯೋಕೆ ಹೋಗಿದ್ದರೆ?

ಇದನ್ನು ನಾನು ಇನ್‌ಚಾರ್ಜ್‌ಗೆ ಹೇಳಿಲ್ಲ. ಬರೆದೂ ಕೊಟ್ಟಿಲ್ಲ. ಹೋದ ವರ್ಷ ಒಬ್ಬಳು ಬರೆದುಕೊಟ್ಟು, ಯಾಕೆ ತಪ್ಪಾಯ್ತು ಎಂದು ಜವಾಬು ಕೇಳುವ ಎಕ್ಸ್‌ಪ್ಲನೇಷನ್ ಲೆಟರ್ ತಗೊಂಡಿದ್ದಳು, ಇನ್‌ಕ್ರಿಮೆಂಟೂ ಹೋಯ್ತು. ನಿಮಗೆ ಹೀಗೆಲ್ಲಾ ಆಗಿದೆಯಾ? ಅಥವಾ ನಾನೇ ಈ ಕೆಲಸಕ್ಕೆ ಲಾಯಕ್ಕಿಲ್ವಾ?

ಅರಸೀಕೆರೆ ಬ್ರದರ್ · 11:52

ಸಿಸ್ಟರ್, ಮೊದಲು ಫೋನ್ ಸೈಲೆಂಟ್‌ಗೆ ಹಾಕಿ ಮಲಗಿ. ಉತ್ತರ ಸಂಜೆ ಓದಬಹುದು.

ನನಗೂ ಆಗಿದೆ. ನಂದು ಕ್ಯಾತಿಟರ್ ಕಥೆ, ಊಟದ ಹೊತ್ತಿನಲ್ಲಿ ಬೇಡ.

ಮಂಡ್ಯದ ಮಗಳು · 12:05

ನಿಮಗೊಬ್ಬರಿಗೇ ಅಲ್ಲ. ನಾನು ಬಸ್ ಇಳಿದು ವಾಪಸ್ ಹೋಗಿ ಆಕ್ಸಿಜನ್ ಫ್ಲೋಮೀಟರ್ ನೋಡಿ ಬಂದಿದ್ದೀನಿ. ಸರಿಯಾಗೇ ಇತ್ತು.

ಸುಮ್ನೆ ಓದೋನು · 12:31

ನಾನು ನರ್ಸ್ ಅಲ್ಲ, ಪೇಷಂಟ್ ಕಡೆಯವನು. ಬೇಜಾರಾದರೆ ಕ್ಷಮಿಸಿ. ಹೋದ ತಿಂಗಳು ಅಮ್ಮನನ್ನು ಒಂಬತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದೆವು. ಬೆಲ್ ಒತ್ತಿದರೆ 25 ನಿಮಿಷಕ್ಕೆ ಬರುತ್ತಿದ್ದರು. ಬಂದರೂ ಮುಖ ನೋಡುತ್ತಿರಲಿಲ್ಲ, ಡ್ರಿಪ್ ನೋಡಿ ಹೋಗುತ್ತಿದ್ದರು. "ಅಮ್ಮ ಹೇಗಿದ್ದೀರಿ" ಎಂದು ಒಂದು ಮಾತು ಕೇಳೋಕೆ ಎಷ್ಟು ಹೊತ್ತು ಬೇಕು? ಸುಸ್ತು ಎಲ್ಲರಿಗೂ ಇದೆ. ನಾನೂ ಗೋಡೌನ್‌ನಲ್ಲಿ ಹನ್ನೆರಡು ಗಂಟೆ ನಿಂತು ಕೆಲಸ ಮಾಡ್ತೀನಿ. ಇದು ಸೇವೆ ಅಲ್ವಾ, ಮನಸ್ಸಿಟ್ಟು ಮಾಡಬೇಕು.

ಜಿಎನ್‌ಎಂ ಎರಡನೇ ವರ್ಷ · 12:48

ಅಣ್ಣಾ, ನಾನು ನರ್ಸಿಂಗ್ ಡಿಪ್ಲೊಮಾ ಸ್ಟೂಡೆಂಟ್, ಈಗ ಜನರಲ್ ವಾರ್ಡ್ ಪೋಸ್ಟಿಂಗ್‌ನಲ್ಲಿದ್ದೇನೆ. ಮಧ್ಯಾಹ್ನದ ಶಿಫ್ಟ್‌ಗೆ ಒಬ್ಬರೇ ಸಿಸ್ಟರ್, 22 ಪೇಷಂಟ್. ನಾವು ಮೂರು ಜನ ಸ್ಟೂಡೆಂಟ್ಸ್ ಇದ್ದೇವೆ ಎಂದು ನಮ್ಮನ್ನೂ ಸ್ಟಾಫ್ ಲೆಕ್ಕಕ್ಕೆ ಹಿಡಿದಿದ್ದಾರೆ. ನಿನ್ನೆ ಆ ಸಿಸ್ಟರ್ ಜೊತೆ ಗಡಿಯಾರ ಹಿಡಿದು ಓಡಾಡಿದೆ. ನಾಲ್ಕು ಗಂಟೆಯ ಇಂಜೆಕ್ಷನ್ ಶುರು ಮಾಡಿದ್ದು 3:40ಕ್ಕೆ, ಕೊನೆಯ ಬೆಡ್ ಮುಟ್ಟಿದಾಗ 5:15. ನಡುವೆ ಎರಡು ಅಡ್ಮಿಷನ್, ಒಂದು ಡಿಸ್ಚಾರ್ಜ್, ರಕ್ತ ತರೋಕೆ ಬ್ಲಡ್ ಬ್ಯಾಂಕಿಗೆ ಫೋನು, ಒಬ್ಬರು ಹಾಸಿಗೆಯಲ್ಲೇ ವಾಂತಿ. ಅವರು ಬಾತ್‌ರೂಮಿಗೆ ಹೋಗಿದ್ದು ಒಂದೇ ಸಲ, ಅದೂ ಏಳು ಗಂಟೆಗೆ.

ಮುಖ ನೋಡಲಿಲ್ಲ ಅಂದ್ರಲ್ಲ, ನಿಜ. ಮುಖ ನೋಡಿದರೆ ಮಾತು ಶುರುವಾಗುತ್ತದೆ, ಆಮೇಲೆ ಮುಂದಿನ ಬೆಡ್ ತಡವಾಗುತ್ತದೆ. ಅವರೇ ನನಗೆ ಹಾಗೆ ಹೇಳಿಕೊಟ್ಟರು. ಹೇಳುವಾಗ ಅವರ ಧ್ವನಿ ಸಣ್ಣಗಾಗಿತ್ತು.

ಅರಸೀಕೆರೆ ಬ್ರದರ್ · 1:10

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಗೊತ್ತಾ ನಿಮಗೆ? ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಸಾಮಾನ್ಯ ವಾರ್ಡ್‌ನಲ್ಲಿ 3 ಪೇಷಂಟ್‌ಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ಇದರ ಮೇಲೆ ರಜೆ ಹಾಕಿದವರ ಜಾಗ ತುಂಬೋಕೆ ಶೇ 30ರಷ್ಟು ಜನ ಹೆಚ್ಚಿಗೆ ಇಟ್ಟುಕೊಂಡಿರಬೇಕು. ಈ 30ರ ಮಾತನ್ನು ಯಾರೂ ಎತ್ತೋದಿಲ್ಲ. ಅದಕ್ಕೇ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳಿಗೆ ಡಬಲ್ ಡ್ಯೂಟಿ. ರಜೆ ಕೇಳಿದವಳು ಅಪರಾಧಿ, ಡಬಲ್ ಮಾಡಿದವಳು ಹೆಣ.

ಸುಮ್ನೆ ಓದೋನು ಅಣ್ಣ, ಸೇವೆ ಎನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೇ 12ರ ನರ್ಸ್‌ಗಳ ದಿನಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಫೋಟೋಗೆ ದೀಪ ಹಚ್ಚಿ, ಕೇಕ್ ಕತ್ತರಿಸಿ, ಸೇವೆ ಅಂತಾರೆ. ಸಂಬಳ ಕೇಳಿದರೂ ಅದನ್ನೇ ಅಂತಾರೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿ ಕೂತು, 50 ಬೆಡ್ಡಿಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ಕೊಡಬೇಕು, 200 ಬೆಡ್ ದಾಟಿದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಎಂದಿತ್ತು. ಕೇರಳದವರು ಮುಷ್ಕರ ಕೂತು 2018ರಲ್ಲಿ ಕನಿಷ್ಠ 20,000ದ ಆದೇಶ ಮಾಡಿಸಿಕೊಂಡರು. ನಾನು 2019ರಲ್ಲಿ ಸೇರಿದ್ದು 13,500ಕ್ಕೆ.

ನಿರ್ವಾಹಕರು · 1:25

ಯಾವ ಆಸ್ಪತ್ರೆಯ ಹೆಸರನ್ನೂ ಬರೆಯಬೇಡಿ. ಪೇಷಂಟ್ ಗುರುತು ಸಿಗುವ ವಿವರವೂ ಬೇಡ.

ಸುಮ್ನೆ ಓದೋನು · 1:40

22 ಜನಕ್ಕೆ ಒಬ್ಬರು ಎಂದು ನನಗೆ ಗೊತ್ತಿರಲಿಲ್ಲ. ಆದರೆ ಅಮ್ಮನ ಬಿಲ್‌ನಲ್ಲಿ "ನರ್ಸಿಂಗ್ ಚಾರ್ಜ್" ಎಂದು ದಿನಕ್ಕೆ ಇಷ್ಟು ಎಂದು ಬೇರೆಯೇ ಹಾಕಿದ್ದರು. 22 ಜನರಿಂದಲೂ ಹಾಗೇ ತಗೊಂಡಿರುತ್ತಾರೆ ಅಲ್ವಾ? ಆ ದುಡ್ಡು ಎಲ್ಲಿ ಹೋಯ್ತು?

ಮಂಡ್ಯದ ಮಗಳು · 1:43

ಈ ಪ್ರಶ್ನೆಯನ್ನು ಬಿಲ್ಲಿಂಗ್ ಕೌಂಟರ್‌ನಲ್ಲಿ ಕೇಳಿ ಅಣ್ಣ. ದಯವಿಟ್ಟು ಕೇಳಿ. ನಾವು ಕೇಳಿದರೆ ಹೊರಗೆ ಹಾಕುತ್ತಾರೆ.

ಹಳೇ ಸಿಸ್ಟರ್ · 3:15

ಹೊನ್ನಾವರದ ಕಡೆಯವಳು ನಾನು. ಸರ್ಕಾರಿ ಆಸ್ಪತ್ರೆಯಲ್ಲಿ 33 ವರ್ಷ ದುಡಿದು ನಿವೃತ್ತಿಯಾದವಳು. ಸೇರಿದ ಕಾಲಕ್ಕೆ ಗಾಜಿನ ಸಿರಿಂಜ್ ಕುದಿಸಿ ಇಡುವುದೇ ಒಂದು ಕೆಲಸವಾಗಿತ್ತು. ರಾತ್ರಿ 60 ಪೇಷಂಟ್‌ಗೆ ನಾವಿಬ್ಬರೇ. ಆದರೂ ಒಂದು ಮಾತು ಒಪ್ಪುತ್ತೇನೆ. ನಮ್ಮ 60 ಬೇರೆ, ನಿಮ್ಮ ನಾಲ್ಕು ಬೇರೆ. ನಮಗೆ ಅಷ್ಟು ಮಷೀನು, ಅಷ್ಟು ಅಲಾರಂ, ಅಷ್ಟು ಕಾಗದ ಇರಲಿಲ್ಲ. ಬರೆಯುವ ಕೆಲಸವೇ ನಿಮ್ಮ ಅರ್ಧ ಡ್ಯೂಟಿ ತಿನ್ನುತ್ತದೆ ಎಂದು ನನ್ನ ತಂಗಿಯ ಮಗಳು ಹೇಳುತ್ತಾಳೆ, ಅವಳೂ ಈ ಕೆಲಸದಲ್ಲೇ ಇದ್ದಾಳೆ. "ನಾವು ಮಾಡಲಿಲ್ಲವೇ" ಎಂದು ಹೇಳುವ ಹಿರಿಯರ ಮಾತಿಗೆ ಕಿವಿಗೊಡಬೇಡ ಮಗಾ. ನಾನೂ ಹಾಗೆ ಹೇಳುತ್ತಿದ್ದೆ, ತಪ್ಪು ಮಾಡಿದೆ.

ಭಯದ ಬಗ್ಗೆ ಒಂದು ಮಾತು. ನಮ್ಮ ಕಾಲದಲ್ಲೂ ಭಯ ಇತ್ತು, ಬೇರೆ ತರಹದ್ದು. ನಮ್ಮ ಕಡೆಯ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋದವಳ ಮೇಲೆ ಅಲ್ಲಿನ ವಾರ್ಡ್ ಬಾಯ್ ದಾಳಿ ಮಾಡಿದ. ಆಮೇಲೆ ಸುಮಾರು 42 ವರ್ಷ ಹಾಸಿಗೆಯಲ್ಲೇ ಇದ್ದಳು. 2015ರ ಮೇ 18ರಂದು ತೀರಿಕೊಳ್ಳುವವರೆಗೂ ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸ್‌ಗಳು. ನಾವು ಹುಡುಗಿಯರು ನರ್ಸಿಂಗ್‌ಗೆ ಹೊರಟಾಗ ಮನೆಯಲ್ಲಿ ಅವಳ ಹೆಸರು ಎತ್ತುತ್ತಿದ್ದರು. ನಾನು ಸೂಪರಿಂಟೆಂಡೆಂಟ್ ಆದಾಗ ಮೊದಲು ಮಾಡಿದ ಕೆಲಸ, ಬಟ್ಟೆ ಬದಲಿಸುವ ರೂಮನ್ನು ವಾರ್ಡಿನ ಪಕ್ಕಕ್ಕೆ ತಂದು ಒಳಗಿಂದ ಚಿಲಕ ಹಾಕಿಸಿದ್ದು. ಚಿಲಕಕ್ಕೆ ಆರು ತಿಂಗಳು ಕಾಗದ ಬರೆದೆ!

ಇನ್ಸುಲಿನ್ ವಿಷಯ ಬರೆದುಕೊಡು. ನಾನಾಗಿದ್ದರೆ ಬರೆದುಕೊಟ್ಟವಳಿಗೆ ಬೈಯುತ್ತಿರಲಿಲ್ಲ. ಇಲ್ಲ, ಸುಳ್ಳು ಹೇಳಬಾರದು. ಮೊದಲಿನ ಹತ್ತು ವರ್ಷ ಬೈಯುತ್ತಿದ್ದೆ.

ನೈಟ್‌ರೋಸ್ಟರ್ · ಸಂಜೆ 5:50

ಎದ್ದೆ. ನಾಲ್ಕು ಗಂಟೆ ನಿದ್ದೆ ಬಂತು. ಎಲ್ಲರಿಗೂ ಥ್ಯಾಂಕ್ಸ್. ಹಳೇ ಸಿಸ್ಟರ್ ಅಮ್ಮ, ನಿಮ್ಮ ಕೊನೆಯ ಸಾಲು ಓದಿ ಜೋರಾಗಿ ನಕ್ಕೆ, ಆಮೇಲೆ ಯಾಕೋ ಅಳು ಬಂತು. ಇವತ್ತೂ ನೈಟ್. ಏಳಕ್ಕೆ ಹೊರಡಬೇಕು.

ಧಾರವಾಡದಾಕಿ · ರಾತ್ರಿ 8:30

ನಾನು ಮನೋವೈದ್ಯಕೀಯ ನರ್ಸಿಂಗ್ ಓದಿದಾಕಿ. ಸ್ವಲ್ಪ ಉದ್ದ ಬರೀತೀನ್ರಿ, ಪುರಸೊತ್ತು ಆದಾಗ ಓದಿ.

ನೀವು ಮೊದಲ ಪೋಸ್ಟ್‌ನಲ್ಲೇ ಅರ್ಧ ಉತ್ತರ ಬರೆದಿದ್ದೀರಿ. "ಮೊದಲು ಸುಸ್ತು, ಈಗಿನದು ಬೇರೆ" ಅಂದ್ರಲ್ಲ, ಅದು. ದಣಿವು ನಿದ್ದೆಗೆ ಬಗ್ಗುತ್ತದೆ. ಆತಂಕ ಬಗ್ಗೋದಿಲ್ಲ. ಮಲಗಿ ಎದ್ದರೆ ಅದೂ ನಿಮ್ಮ ಜೊತೆ ಎದ್ದು ಕೂರುತ್ತದೆ. ಎರಡೂ ಕೂಡಿದಾಗ ಒಂದು ಇನ್ನೊಂದನ್ನು ಸಾಕುತ್ತದೆ. ಅಂಜಿಕೆಯಿಂದ ನಿದ್ದೆ ಇಲ್ಲ, ನಿದ್ದೆ ಇಲ್ಲದ್ದಕ್ಕೆ ಕೈ ತಪ್ಪುತ್ತದೆ, ಕೈ ತಪ್ಪೀತು ಅಂತ ಮತ್ತೆ ಅಂಜಿಕೆ.

ಬರ್ನ್‌ಔಟ್ ಅಂತ ಎಲ್ಲರೂ ಅಂತಾರೆ. ಅದನ್ನು ಅಳೆಯುವ ಪ್ರಶ್ನಾವಳಿ ಮಾಡಿದ ಕ್ರಿಸ್ಟಿನಾ ಮಸ್ಲಾಕ್ ಮೂರು ಗುರುತು ಹೇಳುತ್ತಾರೆ. ಮನಸ್ಸು ಬರಿದಾಗುವುದು, ಎದುರಿಗಿನ ಮನುಷ್ಯ ಬರೇ ಬೆಡ್ ನಂಬರ್ ಆಗಿಬಿಡುವುದು, ಮಾಡಿದ ಕೆಲಸಕ್ಕೆ ಬೆಲೆ ಇಲ್ಲ ಅನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅಂತ ಬರೆಯಲಿಲ್ಲ, ಕೆಲಸದ ಜಾಗದಿಂದ ಬರುವ ಸ್ಥಿತಿ ಅಂತ ಬರೆಯಿತು. ಇದು ದೊಡ್ಡ ಮಾತು ನೋಡ್ರಿ. ಮದ್ದು ಬರೇ ನಿಮಗೆ ಕೊಟ್ಟರೆ ಸಾಲದು, ಜಾಗಕ್ಕೂ ಕೊಡಬೇಕು. ಆದರೆ ನಿಮ್ಮ ಪೋಸ್ಟ್‌ನಲ್ಲಿ ಮನುಷ್ಯ ಬರೇ ಬೆಡ್ ನಂಬರ್ ಆದದ್ದು ನನಗೆ ಕಾಣಲಿಲ್ಲ. "ಹೇಳೋಕೆ ಬಾಯಿಲ್ಲ" ಅಂತ ಆ ಮನುಷ್ಯನ ಬಗ್ಗೆ ಮರುಗಿದ್ದೀರಿ. ನಿಮ್ಮದು ಮನಸ್ಸು ಸತ್ತ ಸ್ಥಿತಿ ಅಲ್ಲ, ಮನಸ್ಸು ಆರದೆ ಉರಿಯುವ ಸ್ಥಿತಿ.

ಇನ್ನು ಫೋನ್ ವಿಷಯ. ಫೋನ್ ಮಾಡಿದ ಹತ್ತು ನಿಮಿಷ ಸಮಾಧಾನ. ಆದರೆ ಅಷ್ಟರಲ್ಲಿ ಮನಸ್ಸು ಕಲಿತದ್ದೇನು? "ಫೋನ್ ಮಾಡಿದ್ದಕ್ಕೇ ಎಲ್ಲ ನೆಟ್ಟಗಿದೆ" ಅಂತ. ನಾಳೆ ಮತ್ತೆ ಕೇಳುತ್ತದೆ. ಪೂರಾ ಬಿಡಿ ಅನ್ನೋದಿಲ್ಲ. ಮುಂದೂಡಿ. ಇವತ್ತು ಅರ್ಧ ಗಂಟೆ ತಡೆದು ಮಾಡಿ, ನಾಳೆ ಒಂದು ಗಂಟೆ. ತಡೆದಾಗ ಎದೆ ಡವಡವ ಅನ್ನುತ್ತದೆ, ಏರುತ್ತದೆ, ಮತ್ತೆ ತಾನೇ ಇಳಿಯುತ್ತದೆ. ಆ ಇಳಿಯೋದನ್ನು ಒಮ್ಮೆ ನೋಡಬೇಕು. ಕೆಲವರು ಹ್ಯಾಂಡೋವರ್ ಆದ ಮೇಲೆ ಒಂದು ಚೀಟಿಯಲ್ಲಿ "ಪಂಪ್ ತೋರಿಸಿದೆ, ಕ್ಲ್ಯಾಂಪ್ ನೋಡಿದೆ" ಅಂತ ಬರೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಆ ಚೀಟಿಯನ್ನು ಹತ್ತು ಸಲ ತೆಗೆದು ನೋಡಿದರೆ ಅದೂ ಫೋನೇ ಆಯ್ತಲ್ರಿ.

ಆತಂಕ ಎಷ್ಟಿದೆ ಅಂತ ಅಳೆಯಲು ಜಿಎಡಿ-7 ಅಂತ ಏಳು ಪ್ರಶ್ನೆಗಳಿವೆ. ಕಳೆದ ಎರಡು ವಾರದ್ದನ್ನು ಕೇಳುತ್ತವೆ. ಒಂದೊಂದಕ್ಕೆ 0ಯಿಂದ 3, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯಾರನ್ನಾದರೂ ಕಾಣಬೇಕು. ನಿಮ್ಮ ಆಸ್ಪತ್ರೆಯಲ್ಲೇ ತೋರಿಸಲು ಮುಜುಗರ ಇರುತ್ತದೆ, ನನಗೆ ಗೊತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಇಡೀ ದಿನ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ನೈಟ್ ಮುಗಿಸಿದವರಿಗೆ ಬೆಳಿಗ್ಗೆ ಒಂಬತ್ತಕ್ಕೂ ಸಿಗುತ್ತಾರೆ ಅನ್ನೋದು ಮುಖ್ಯ.

ಅರಸೀಕೆರೆ ಬ್ರದರ್ · 9:05

ಧಾರವಾಡದಾಕಿ ಅಕ್ಕಾವ್ರೇ, ನಾನು ಆ ಏಳು ಪ್ರಶ್ನೆ ಹುಡುಕಿ ತುಂಬಿದೆ. 13 ಬಂತು. ನನಗೇನೂ ಇಲ್ಲ ಅಂದುಕೊಂಡಿದ್ದೆ.

ಗಂಡಸರು ಈ ವಿಷಯ ಬಾಯಿ ಬಿಡೋದಿಲ್ಲ. ಬ್ರದರ್ ಎಂದರೆ ಪೇಷಂಟ್ ಎತ್ತೋದಕ್ಕೆ, ಹೆಣ ಸಾಗಿಸೋದಕ್ಕೆ, ಕುಡಿದು ಬಂದ ಅಟೆಂಡರ್‌ಗಳನ್ನು ತಡೆಯೋದಕ್ಕೆ. ಗಲಾಟೆ ಆದಾಗ "ಬ್ರದರ್‌ನ ಕರೀರಿ" ಅಂತಾರೆ. ಒಮ್ಮೆ ಕ್ಯಾಶುವಾಲಿಟಿಯಲ್ಲಿ ಕೊರಳಪಟ್ಟಿ ಹಿಡಿದರು. ವೈದ್ಯಕೀಯ ಸಿಬ್ಬಂದಿ ಮೇಲೆ ಕೈ ಮಾಡಿದವರಿಗೆ ಶಿಕ್ಷೆ ಕೊಡೋಕೆ ನಮ್ಮ ರಾಜ್ಯದಲ್ಲಿ 2009ರಿಂದ ಕಾನೂನಿದೆ. ಆಡಳಿತದವರು "ಕಂಪ್ಲೇಂಟ್ ಬೇಡಪ್ಪ, ಹೆಸರು ಕೆಡುತ್ತೆ" ಅಂದರು. ಕಾಲರ್ ಹೊಲಿಸಿಕೊಂಡೆ.

ಇನ್ನೊಂದು ಹೇಳಲೇಬೇಕು. ಹೋದ ಮಳೆಗಾಲ ನೈಟ್ ಮುಗಿಸಿ ಸ್ಕೂಟರ್‌ನಲ್ಲಿ ಬರುತ್ತಾ ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ನಿಂತೆ. ನಿಂತಲ್ಲೇ ನಿದ್ದೆ ಹೋದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದಾಗ ಎಚ್ಚರ. ಕಾಲು ನೆಲದ ಮೇಲಿತ್ತು, ಗಾಡಿ ಬಿದ್ದಿರಲಿಲ್ಲ ಅಷ್ಟೇ. 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇರುವವನಷ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಆಸ್ಟ್ರೇಲಿಯಾದವರು ತೋರಿಸಿದ್ದಾರೆ. ನಮ್ಮಲ್ಲಿ 0.03 ದಾಟಿದರೆ ಪೊಲೀಸರು ಗಾಡಿ ಹಿಡಿಯುತ್ತಾರೆ. ಅಷ್ಟು ಹೊತ್ತು ನಿದ್ದೆಗೆಟ್ಟವರ ಕೈಗೆ ಇನ್ಸುಲಿನ್ ಕೊಡುತ್ತಾರೆ.

ಈಗ ಮೆಟ್ರೋ. ಅಲ್ಲೂ ನಿದ್ದೆ ಬರುತ್ತದೆ, ನಾಗಸಂದ್ರದವರೆಗೆ ಹೋಗಿ ವಾಪಸ್ ಬಂದಿದ್ದೂ ಇದೆ. ಪರವಾಗಿಲ್ಲ, ಜೀವ ಇದೆ.

ಸಿಸ್ಟರ್ ಗಂಡ · 9:40

ನನ್ನ ಹೆಂಡತಿ ನರ್ಸ್, ಹನ್ನೊಂದು ವರ್ಷ. ಮದುವೆಯಾದ ಹೊಸತರಲ್ಲಿ ಅವಳು ಬಂದ ಕೂಡಲೇ "ಹೇಗಿತ್ತು ಡ್ಯೂಟಿ" ಎಂದು ಕೇಳುತ್ತಿದ್ದೆ. ಉತ್ತರ ಕೊಡುತ್ತಿರಲಿಲ್ಲ, ನನಗೆ ಸಿಟ್ಟು ಬರುತ್ತಿತ್ತು. ಈಗ ಕೇಳುವುದಿಲ್ಲ. ಒಂದು ಗಂಟೆ ಬಿಟ್ಟು ಅವಳೇ ಮಾತು ಶುರು ಮಾಡುತ್ತಾಳೆ, ಅದೂ ತರಕಾರಿ ರೇಟಿನಿಂದ.

ಕುಕ್ಕರ್ ಮಾತು ಓದಿ ಬರೆಯೋಣ ಅನಿಸಿತು. ನಮ್ಮ ಮನೆಯಲ್ಲೂ ಅದೇ. ವಿಸಿಲ್ ಕೂಗಿದರೆ ನಿದ್ದೆಗಣ್ಣಲ್ಲೇ ಎದ್ದು ಗೋಡೆ ತಡವುತ್ತಿದ್ದಳು. ಅಲಾರಂನ ಸೈಲೆನ್ಸ್ ಬಟನ್ ಹುಡುಕುತ್ತಿದ್ದೆ ಅಂತ ಆಮೇಲೆ ಹೇಳಿದಳು. ಅವಳು ಹಗಲು ಮಲಗಿದ ದಿನ ನಾನು ಕುಕ್ಕರ್ ಇಡುವುದಿಲ್ಲ. ಪಾತ್ರೆಯಲ್ಲಿ ಅನ್ನ ಬಸಿಯುವುದನ್ನು ಅಮ್ಮನಿಂದ ಫೋನ್‌ನಲ್ಲಿ ಕಲಿತೆ. ಮೊದಲ ವಾರ ಗಂಜಿಯೇ ಆಯಿತು. ಕಾಲಿಂಗ್ ಬೆಲ್ಲಿನ ವೈರ್ ಬಿಚ್ಚಿಟ್ಟಿದ್ದೇನೆ. ಬಾಗಿಲಿಗೆ "ನೈಟ್ ಡ್ಯೂಟಿ, ಫೋನ್ ಮಾಡಿ" ಎಂದು ಚೀಟಿ ಅಂಟಿಸಿದೆ. ಕೊರಿಯರ್ ಹುಡುಗ ಬಾಗಿಲೇ ಬಡಿಯುತ್ತಾನೆ, ಅದಕ್ಕೆ ಮದ್ದು ಸಿಕ್ಕಿಲ್ಲ.

ಯಾರ್ಕ್‌ಷೈರ್ ಕನ್ನಡಿಗಿತ್ತಿ · ಬುಧವಾರ, ನಸುಕಿನ 2:10

ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷ. "ಅಲ್ಲಿ ಎಲ್ಲ ಚೆನ್ನಾಗಿರುತ್ತೆ ಬಿಡಿ" ಎಂದು ಯಾರಾದರೂ ಬರೆಯುವ ಮೊದಲೇ ಬರೆಯುತ್ತಿದ್ದೇನೆ. ಇಲ್ಲಿ ಲಾಂಗ್ ಡೇ ಎಂದರೆ ಹನ್ನೆರಡೂವರೆ ಗಂಟೆ. ಹಗಲಲ್ಲಿ ಒಬ್ಬ ನರ್ಸ್‌ಗೆ 8 ಪೇಷಂಟ್ ಮೀರಿದರೆ ಅಪಾಯ ಹೆಚ್ಚುತ್ತದೆ ಎಂದು 2014ರ ಸರ್ಕಾರಿ ಮಾರ್ಗಸೂಚಿಯಲ್ಲಿದೆ. ಆದರೆ ಅದು ಕಾನೂನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಕಾನೂನೇ ಇದೆ, ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಜಾಸ್ತಿ ಪೇಷಂಟ್ ಕೊಡುವಂತಿಲ್ಲ.

ಇಲ್ಲಿ ಅನುಕೂಲವೂ ಇದೆ. ನನ್ನ ವಾರ್ಡ್‌ನಲ್ಲಿ ಇನ್ಸುಲಿನ್ ಎಳೆದರೆ ಇನ್ನೊಬ್ಬ ನರ್ಸ್ ನೋಡಿ ಸಹಿ ಹಾಕಲೇಬೇಕು. 40, 100 ಎಂಬ ಗೊಂದಲವೇ ಇಲ್ಲ, ವಯಲ್ ಸಾಮಾನ್ಯವಾಗಿ 100ರದ್ದೇ. ತಪ್ಪು ಬರೆದುಕೊಡಲು ಡೇಟಿಕ್ಸ್ ಎಂಬ ಸಾಫ್ಟ್‌ವೇರ್ ಇದೆ. ಅದು ಕಲಿಯಲಿಕ್ಕೆ ಎನ್ನುತ್ತಾರೆ. ಆದರೆ ಕಾರಿಡಾರ್‌ನಲ್ಲಿ ಜಗಳವಾದರೆ "ನಿನ್ನ ಮೇಲೆ ಡೇಟಿಕ್ಸ್ ಹಾಕ್ತೀನಿ" ಎಂದು ಹೆದರಿಸುವವರೂ ಇದ್ದಾರೆ!

ಬೆಂಗಳೂರಲ್ಲಿದ್ದಾಗ ನನಗೆ ತಪ್ಪಾಗುವ ಭಯ. ಇಲ್ಲಿ ಆ ಭಯ ಕಡಿಮೆಯಾಯಿತು, ಅದರ ಜಾಗಕ್ಕೆ ಒಂಟಿತನ ಬಂತು. ಯಾರಾದರೂ ಪೇಷಂಟ್ ತೀರಿಹೋದ ದಿನ ಬ್ರೇಕ್ ರೂಮಿನಲ್ಲಿ ಕನ್ನಡದಲ್ಲಿ "ಅಯ್ಯೋ" ಅಂದುಕೊಳ್ಳಲೂ ಜನ ಇಲ್ಲ.

ಕ್ವಾಲಿಟಿ ಡೆಸ್ಕ್ · ಬುಧವಾರ, ಬೆಳಿಗ್ಗೆ 10:15

ಹತ್ತು ವರ್ಷ ಬೆಡ್‌ಸೈಡ್‌ನಲ್ಲಿದ್ದೆ, ಈಗ ಕ್ವಾಲಿಟಿ ವಿಭಾಗ. ನೀವೆಲ್ಲ ಬೈಯುವ ಚೆಕ್‌ಲಿಸ್ಟ್ ಮಾಡುವವಳು ನಾನೇ.

ನೈಟ್‌ರೋಸ್ಟರ್, ನಿಮಗಾದದ್ದು ನಿಯರ್ ಮಿಸ್. ಪೇಷಂಟ್‌ಗೆ ಮುಟ್ಟದೆ ತಪ್ಪಿದ್ದು. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಇದನ್ನೂ ದಾಖಲಿಸುವ ವ್ಯವಸ್ಥೆ ಇರಬೇಕು. ನನ್ನ ಅನುಭವ ಹೇಳುತ್ತೇನೆ. ಒಂದು ತಿಂಗಳು ಯಾವ ವಾರ್ಡಿನಿಂದ ಒಂದೂ ನಿಯರ್ ಮಿಸ್ ಬರಲಿಲ್ಲವೋ ಆ ವಾರ್ಡ್ ನೋಡಿದರೆ ನನಗೆ ಭಯ. ಅಲ್ಲಿ ತಪ್ಪಾಗಿಲ್ಲ ಅಂತಲ್ಲ, ಹೇಳುವವರಿಲ್ಲ ಅಂತ.

ನಿಮ್ಮ ಕಥೆಯಲ್ಲಿ ನನಗೆ ಕಂಡ ತೂತುಗಳು ನೋಡಿ. ಫಾರ್ಮಸಿಯಲ್ಲಿ ಸ್ಟಾಕ್ ಇಲ್ಲ. ಹೊರಗಿನ ವಯಲ್ ಒಳಗೆ ಬಂದಾಗ ಯಾರೂ ಪರೀಕ್ಷಿಸಲಿಲ್ಲ. 100ರ ವಯಲ್ ಬಂತು, ಅದರ ಕಿತ್ತಳೆ ಮುಚ್ಚಳದ ಸಿರಿಂಜ್ ಬರಲಿಲ್ಲ. ಇಬ್ಬರು ನೋಡಬೇಕಾದ ಔಷಧಿಗೆ ಎರಡನೆಯವರೇ ಇಲ್ಲ. ವೆಂಟಿಲೇಟರ್ ಇಬ್ಬರು ಸೇರಿ ನಾಲ್ಕು ಪೇಷಂಟ್. ನೈಟ್ ಆದ ಮೇಲೆ ಮೂರು ಗಂಟೆ ಕ್ಲಾಸ್. ಇಷ್ಟೆಲ್ಲಾ ದಾಟಿ ಬಂದ ಮೇಲೆ ಕೊನೆಯಲ್ಲಿ ನಿಮ್ಮ ಬೆರಳು. ಎಕ್ಸ್‌ಪ್ಲನೇಷನ್ ಲೆಟರ್ ಬೆರಳಿಗೆ ಮಾತ್ರ ಹೋಗುತ್ತದೆ.

ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ಲಿಂಡಾ ಏಕನ್ ಮತ್ತು ಜೊತೆಯವರು ಮಾಡಿದ ಅಧ್ಯಯನ 2002ರಲ್ಲಿ ಬಂತು. ಒಬ್ಬ ನರ್ಸ್‌ಗೆ ಒಬ್ಬ ಪೇಷಂಟ್ ಹೆಚ್ಚಿದಂತೆಲ್ಲಾ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರಿತ್ತು. ನರ್ಸ್ ಬರ್ನ್‌ಔಟ್ ಆಗುವ ಸಂಭವ ಶೇ 23ರಷ್ಟು. ಎರಡೂ ಒಂದೇ ಕಾಗದದಲ್ಲಿವೆ. ನಮ್ಮ ಮ್ಯಾನೇಜ್‌ಮೆಂಟ್ ಮೀಟಿಂಗ್‌ನಲ್ಲಿ ತೋರಿಸಿದೆ. "ಅದು ಅಮೆರಿಕ" ಅಂದರು. ಯೋಗ ಕ್ಲಾಸ್ ಇಡೋಣ ಅಂದರು. ಯೋಗಕ್ಕೆ ನನ್ನ ವಿರೋಧವಿಲ್ಲ, ಆದರೆ ಅದನ್ನೂ ನೈಟ್ ಮುಗಿದ ಮೇಲೆ ಎಂಟೂವರೆಗೆ ಇಟ್ಟರು.

ಬರೆದುಕೊಡಿ. ಹೀಗೆ ಬರೆಯಿರಿ: ಏನಾಯಿತು, ಎಷ್ಟು ಹೊತ್ತಿಗೆ, ಎಷ್ಟು ಪೇಷಂಟ್, ವಯಲ್ ಎಲ್ಲಿಂದ ಬಂತು, ಯಾರು ಹಿಡಿದರು. "ನನ್ನ ಅಜಾಗರೂಕತೆಯಿಂದ" ಎಂಬ ಪದ ಬೇಡ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಮಂಡ್ಯದ ಮಗಳು · 10:40

ಕ್ವಾಲಿಟಿ ಡೆಸ್ಕ್ ಮೇಡಂ, ನಿಮ್ಮಂಥವರು ಇರುವ ಆಸ್ಪತ್ರೆಯಲ್ಲಿ ಬರೆದುಕೊಡಬಹುದು. ಎಲ್ಲ ಕಡೆ ಹಾಗಿಲ್ಲ. ಇವರಿಗೆ ಇಷ್ಟು ವರ್ಷ ಕೆಲಸ ಬಿಡಲ್ಲ ಎಂಬ ಬಾಂಡ್ ಇದೆಯೋ ಏನೋ, ಮಾರ್ಕ್ಸ್ ಕಾರ್ಡ್ ಅವರ ಹತ್ತಿರವೇ ಇದೆಯೋ ಏನೋ. ಧೈರ್ಯ ಹೇಳೋದು ಸುಲಭ. ಬರೆದವಳೇ ಸಿಕ್ಕಿಬೀಳೋದು.

ಕ್ವಾಲಿಟಿ ಡೆಸ್ಕ್ · 10:58

ಒಪ್ಪುತ್ತೇನೆ. ನಾನು ಸೇಫ್ ಆಗಿ ಕೂತು ಬರೆಯುತ್ತಿದ್ದೇನೆ ನಿಜ. ಆದರೆ ಅವರು ಮೂರು ವಾರದಿಂದ ನಿದ್ದೆ ಮಾಡಿಲ್ಲ. ಬರೆಯದೇ ಇದ್ದದ್ದಕ್ಕೂ ಬೆಲೆ ಕೊಡುತ್ತಿದ್ದಾರೆ ಅಲ್ವಾ?

ಧಾರವಾಡದಾಕಿ · 11:20

ಹೌದ್ರಿ. ತಪ್ಪಿನಿಂದ ಪೇಷಂಟ್ ಒಬ್ಬನಿಗೆ ಪೆಟ್ಟು, ನೋಡಿಕೊಂಡವರಿಗೆ ಇನ್ನೊಂದು ಪೆಟ್ಟು. ಆಲ್ಬರ್ಟ್ ವೂ ಅನ್ನೋ ಡಾಕ್ಟರ್ 2000ದಲ್ಲಿ ಅದಕ್ಕೆ "ಎರಡನೇ ಬಲಿಪಶು" ಅಂತ ಹೆಸರಿಟ್ಟರು. ಮಾತಾಡಲು ಜಾಗ ಇಲ್ಲದಿದ್ದರೆ ಆ ಪೆಟ್ಟು ಒಳಗೇ ಕೀವು ಕಟ್ಟುತ್ತದೆ. ಮೊದಲು ನಂಬಿಕೆಯ ಒಬ್ಬರಿಗೆ ಬಾಯಿಂದ ಹೇಳಿ. ಆಮೇಲೆ ಕಾಗದ.

ಜಿಎನ್‌ಎಂ ಎರಡನೇ ವರ್ಷ · 11:32

ಒಂದು ಕೇಳಲಾ? ಆ ಸ್ಟೂಡೆಂಟ್‌ಗೆ ಆಮೇಲೆ ಏನಾದರೂ ಹೇಳಿದ್ರಾ ಅಕ್ಕಾ? ನಮಗೆ ಸಿಸ್ಟರ್‌ಗಳನ್ನು ಪ್ರಶ್ನೆ ಕೇಳೋಕೆ ತುಂಬಾ ಭಯ.

ನೈಟ್‌ರೋಸ್ಟರ್ · ಮಧ್ಯಾಹ್ನ 3:30

ಹೇಳಿರಲಿಲ್ಲ. ಅವತ್ತಿನಿಂದ ಅವಳ ಮುಖ ನೋಡೋಕೇ ಮುಜುಗರವಾಗಿ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ನಿನ್ನ ಪ್ರಶ್ನೆ ಓದಿ ಕೆನ್ನೆಗೆ ಹೊಡೆದ ಹಾಗಾಯ್ತು ಪುಟ್ಟಾ.

ನೈಟ್‌ರೋಸ್ಟರ್ · ಹನ್ನೆರಡು ದಿನದ ನಂತರ, ಸೋಮವಾರ, ಮಧ್ಯಾಹ್ನ 12:10

ಏನಾಯಿತು ಎಂದು ಕೆಲವರು ಮೆಸೇಜ್ ಮಾಡಿ ಕೇಳಿದ್ದರು.

ಮೊದಲು ಆ ಹುಡುಗಿಯನ್ನು ಕ್ಯಾಂಟೀನ್‌ಗೆ ಕರೆದುಕೊಂಡು ಹೋದೆ. ಥ್ಯಾಂಕ್ಸ್ ಹೇಳಿದೆ. ಅವಳು "ನಾನು ಕೇಳಿದ್ದು ತಪ್ಪಾಯ್ತೇನೋ, ನೀವು ಮಾತಾಡ್ತಿಲ್ಲ ಅಂತ ಹಾಸ್ಟೆಲ್‌ನಲ್ಲಿ ಅತ್ತೆ" ಅಂದಳು. ಮೂರು ವಾರ ಇಬ್ಬರೂ ಒಂದೇ ಸಿರಿಂಜ್ ಬಗ್ಗೆ ನಿದ್ದೆ ಕೆಡಿಸಿಕೊಂಡಿದ್ದೆವು.

ಆಮೇಲೆ ಬರೆದೆ. ಕ್ವಾಲಿಟಿ ಡೆಸ್ಕ್ ಮೇಡಂ ಹೇಳಿದ ಹಾಗೇ, ಒಂದೂವರೆ ಪುಟ. ಪೇಷಂಟ್ ಸಂಖ್ಯೆ, ಕ್ಲಾಸ್ ಮುಗಿದ ಹೊತ್ತು ಎಲ್ಲಾ ಹಾಕಿದೆ. ಇನ್‌ಚಾರ್ಜ್ ಓದಿ ತುಂಬಾ ಹೊತ್ತು ಸುಮ್ಮನಿದ್ದರು. "ಕ್ಲಾಸಿನ ಸಾಲು ತೆಗಿ" ಅಂದರು. ತೆಗೆಯಲಿಲ್ಲ. ಮೂರನೇ ದಿನ ಎಕ್ಸ್‌ಪ್ಲನೇಷನ್ ಲೆಟರ್ ಬಂತು, "ವಯಲ್ ಲೇಬಲ್ ಓದದೇ ಇದ್ದದ್ದಕ್ಕೆ". ಉತ್ತರ ಕೊಟ್ಟಿದ್ದೇನೆ. ಹಳೇ ಸಿಸ್ಟರ್ ಅಮ್ಮ ಮೆಸೇಜ್‌ನಲ್ಲಿ ತಿದ್ದಿಕೊಟ್ಟರು. ಅವರ ಕನ್ನಡ ಎಷ್ಟು ಗಟ್ಟಿ ಎಂದರೆ ನನಗೇ ನನ್ನ ಮೇಲೆ ಗೌರವ ಬಂತು.

ಲೆಟರ್ ಬಂದ ವಾರವೇ ಐಸಿಯು ಫ್ರಿಜ್ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. "40 ಕೆಂಪು, 100 ಕಿತ್ತಳೆ. ಹೊರಗಿನ ವಯಲ್ ಫಾರ್ಮಸಿ ಸೀಲ್ ಇಲ್ಲದೆ ಬಳಸಬಾರದು." ಕಿತ್ತಳೆ ಮುಚ್ಚಳದ ಒಂದು ಬಾಕ್ಸ್ ಕೂಡ ಬಂತು. ನೈಟ್ ಮುಗಿದ ಮೇಲಿನ ಕ್ಲಾಸ್ ನಿಂತಿಲ್ಲ. ಪೇಷಂಟ್ ಈಗಲೂ ನಾಲ್ಕು, ಒಮ್ಮೊಮ್ಮೆ ಮೂರು.

14416ಕ್ಕೆ ಎರಡು ಸಲ ಮಾತಾಡಿದೆ. ಒಬ್ಬ ಡಾಕ್ಟರನ್ನೂ ಕಂಡೆ, ಬೇರೆ ಕಡೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಅರಸೀಕೆರೆ ಬ್ರದರ್ · 12:25

ಫೋನ್ ಮಾಡೋದು ನಿಂತಿತಾ ಸಿಸ್ಟರ್?

ನೈಟ್‌ರೋಸ್ಟರ್ · 12:31

ಶನಿವಾರ ಮಾಡಲಿಲ್ಲ. ನಿನ್ನೆ ಮಾಡಲಿಲ್ಲ. ಇವತ್ತು ಹತ್ತೂವರೆಗೆ ಮಾಡಿದೆ. ಅದೇ ಡೇ ಡ್ಯೂಟಿ ಹುಡುಗಿ ಎತ್ತಿ, ನಾನು ಬಾಯಿ ತೆಗೆಯೋ ಮುಂಚೆನೇ "ಅಕ್ಕಾ, ಎರಡು ದಿನದಿಂದ ಫೋನೇ ಇಲ್ಲ, ಹುಷಾರಾಗಿದ್ದೀರಾ?" ಅಂದಳು.